ಡಿಗ್ರಿ ಇದ್ರೆ ಎಂಟೂವರೆ ವರ್ಷ ಜಾಸ್ತಿ ಬದುಕ್ತೀವಾ? ಆಯಸ್ಸಿನ ಲೆಕ್ಕದ ಒಳಗುಟ್ಟು



ಇವತ್ತು ಒಂದೇ ಒಂದು ಸಂಖ್ಯೆ ಹಿಡ್ಕೊಂಡು ಮಾತಾಡೋಣ. ಎಂಟೂವರೆ. ಅಮೆರಿಕದಲ್ಲಿ ಡಿಗ್ರಿ ಮುಗಿಸಿದವರಿಗೂ ಮುಗಿಸದೇ ಇರೋರಿಗೂ ಆಯಸ್ಸಿನಲ್ಲಿ ಎಂಟೂವರೆ ವರ್ಷದ ಅಂತರ ಇದೆ ಅನ್ನೋದು ಸುದ್ದಿ. ಲೆಕ್ಕ ಹಾಕಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್. ಇಬ್ಬರೂ ಅರ್ಥಶಾಸ್ತ್ರಜ್ಞರು, ಗಂಡ-ಹೆಂಡತಿ ಕೂಡ. ಡೀಟನ್ ಅವರಿಗೆ 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತ್ತು. ಅವರ ಲೆಕ್ಕದ ಪ್ರಕಾರ 1992ರಲ್ಲಿ ಈ ಅಂತರ ಸುಮಾರು ಎರಡೂವರೆ ವರ್ಷ ಇತ್ತು. 2019ರ ಹೊತ್ತಿಗೆ ಆರು ವರ್ಷ ದಾಟಿತು. 2021ಕ್ಕೆ ಎಂಟೂವರೆ. ಅಂದ್ರೆ 25 ವರ್ಷದ ಡಿಗ್ರಿ ಹೋಲ್ಡರ್ ಒಬ್ಬರ ನಿರೀಕ್ಷಿತ ಆಯಸ್ಸು 83 ದಾಟುತ್ತೆ, ಡಿಗ್ರಿ ಇಲ್ಲದವರದ್ದು 75ರ ಒಳಗೇ ನಿಲ್ಲುತ್ತೆ.

ಇದನ್ನ ಕೇಳಿದ ತಕ್ಷಣ ಯಾರಾದರೂ ಹೇಳೋದು ಏನು? "ನೋಡಪ್ಪಾ, ಡಿಗ್ರಿ ಮುಗಿಸು, ಎಂಟು ವರ್ಷ ಜಾಸ್ತಿ ಬದುಕ್ತೀಯ." ಬ್ಯಾಕ್‌ಲಾಗ್ ಬಗ್ಗೆ ಮನೇಲಿ ಈಗಾಗ್ಲೇ ಬೈಸಿಕೊಳ್ತಾ ಇರೋರಿಗೆ ಇನ್ನೊಂದು ಏಟು. ಆದ್ರೆ ಆ ಸಂಖ್ಯೆ ಹಾಗಂತ ಹೇಳ್ತಾನೇ ಇಲ್ಲ. ಅದು ಸುಳ್ಳು ಸಂಖ್ಯೆ ಅಂತಲೂ ಅಲ್ಲ. ಅದು ಹುಟ್ಟೋದು ಹೇಗೆ ಅಂತ ಗೊತ್ತಾದ್ರೆ, ಯಾವ ಮಾತನ್ನ ಅದರ ಬಾಯಿಂದ ಹೇಳಿಸಬಹುದು, ಯಾವುದನ್ನ ಹೇಳಿಸಬಾರದು ಅನ್ನೋದು ಗೊತ್ತಾಗುತ್ತೆ.

ಮೊದಲು ಈ ನಿರೀಕ್ಷಿತ ಆಯಸ್ಸು ಅಂದ್ರೇನು ನೋಡೋಣ. ನಮ್ಮಲ್ಲಿ ಯಾರ ಬಗ್ಗೆಯಾದರೂ ಮಾತಾಡ್ತಾ ಇರುವಾಗಲೇ ಅವರು ಬಾಗಿಲಲ್ಲಿ ಬಂದು ನಿಂತ್ರೆ "ನೂರು ವರ್ಷ ಆಯಸ್ಸು ನಿಂಗೆ" ಅಂತೀವಲ್ಲ, ಅದು ಹಾರೈಕೆ. ಇದು ಹಾರೈಕೆಯೂ ಅಲ್ಲ, ಭವಿಷ್ಯವಾಣಿಯೂ ಅಲ್ಲ. ಕಾಗದದ ಮೇಲೆ 25 ವರ್ಷದ ಒಂದು ಲಕ್ಷ ಜನರನ್ನ ನಿಲ್ಲಿಸಿ. 2021ರಲ್ಲಿ ಆ ದೇಶದಲ್ಲಿ 25 ವರ್ಷದವರು ಸಾವಿರಕ್ಕೆ ಎಷ್ಟು ಮಂದಿ ತೀರಿಕೊಂಡ್ರು ಅಂತ ನೋಡಿ, ಅಷ್ಟು ಜನರನ್ನ ಈ ಲಕ್ಷದಿಂದ ಕಳೆಯಿರಿ. ಉಳಿದವರನ್ನ 26ಕ್ಕೆ ದಾಟಿಸಿ. ಅದೇ ವರ್ಷ 26ರವರ ಸಾವಿನ ದರ ಎಷ್ಟಿತ್ತೋ ಅಷ್ಟನ್ನ ಮತ್ತೆ ಕಳೆಯಿರಿ. ಹೀಗೆ ಕೊನೆಯವರು ಹೋಗೋ ತನಕ. ಆಮೇಲೆ ಅವರೆಲ್ಲ ಬದುಕಿದ ವರ್ಷಗಳನ್ನ ಕೂಡಿಸಿ ಒಂದು ಲಕ್ಷದಿಂದ ಭಾಗಿಸಿ. ಇನ್ನು ಸರಾಸರಿ ಎಷ್ಟು ವರ್ಷ ಅನ್ನೋದು ಬಂತು. ಇದಕ್ಕೆ ಲೈಫ್ ಟೇಬಲ್ ಅಂತಾರೆ. ವಿಮಾ ಕಂಪನಿಗಳು ಪ್ರೀಮಿಯಂ ಲೆಕ್ಕ ಹಾಕೋದೂ ಇಂಥದ್ದೇ ಕೋಷ್ಟಕ ಇಟ್ಕೊಂಡು.

ಇಲ್ಲೊಂದು ಸೂಕ್ಷ್ಮ ಇದೆ. 2021ರಲ್ಲಿ 25 ವರ್ಷ ಆಗಿದ್ದ ಹುಡುಗಿಗೆ 60 ಆಗೋದು 2056ರಲ್ಲಿ. ಆದ್ರೆ ಲೆಕ್ಕದಲ್ಲಿ ಅವಳಿಗೆ ಹಾಕೋದು 2021ರಲ್ಲಿ 60 ಆಗಿದ್ದವರ ಸಾವಿನ ದರ. ಅದೂ ಕೋವಿಡ್ ವರ್ಷದ ದರ! ಕೋವಿಡ್ ಬಂದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಮನೇಲಿ ಕೂರೋಕಾಗಿದ್ದು ಹೆಚ್ಚಾಗಿ ಡಿಗ್ರಿ ಇದ್ದವರಿಗೆ. ಮಾಂಸದ ಫ್ಯಾಕ್ಟರಿಯಲ್ಲಿ, ಗೋದಾಮಿನಲ್ಲಿ, ಬಸ್ಸಿನ ಸ್ಟೀರಿಂಗ್ ಹಿಂದೆ ಇದ್ದವರಿಗೆ ಆ ಅನುಕೂಲ ಇರಲಿಲ್ಲ. ಆ ಒಂದು ವರ್ಷದ ಪೆಟ್ಟನ್ನ ಲೆಕ್ಕ ಇಡೀ ಜೀವಮಾನಕ್ಕೆ ಎಳೆದುಬಿಡುತ್ತೆ. ಹಾಗಾಗಿ ಎಂಟೂವರೆ ಅನ್ನೋದು 2021 ಅನ್ನೋ ವರ್ಷದ ಫೋಟೋ. ಯಾವ ಒಬ್ಬ ಮನುಷ್ಯನ ಜಾತಕವೂ ಅಲ್ಲ. ಕೋವಿಡ್‌ಗೆ ಮುಂಚಿನ ಆರು ವರ್ಷದ ಅಂತರವೇ ನನಗೆ ಹೆಚ್ಚು ಗಾಬರಿ ಹುಟ್ಟಿಸೋದು. ಅದಕ್ಕೆ ಮಹಾಮಾರಿಯ ನೆಪವೂ ಇಲ್ಲ.

ಇನ್ನು 25ರಿಂದಲೇ ಯಾಕೆ ಶುರು? ಹುಟ್ಟಿದ ಮಗುವಿಗೆ ಡಿಗ್ರಿ ಇರಲ್ಲ, ಅಷ್ಟೇ. 25ಕ್ಕೆ ಬಹುತೇಕರ ಓದು ಒಂದು ಹಂತಕ್ಕೆ ಬಂದಿರುತ್ತೆ, ಆಮೇಲೆ ಗುಂಪು ಅಷ್ಟಾಗಿ ಬದಲಾಗಲ್ಲ. ಮಕ್ಕಳ ವಿಷಯದಲ್ಲಿ ನೋಡೋದು ತಾಯಿಯ ಓದನ್ನ. ಇದರಲ್ಲಿ ನಮ್ಮ ರಾಜ್ಯಕ್ಕೂ ಒಂದು ನಂಟಿದೆ. ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ಅಂಕಿ-ಅಂಶ ಇಟ್ಕೊಂಡು, ಮಗು ಉಳಿಯೋದರಲ್ಲಿ ತಾಯಿಯ ಶಾಲೆ ಬಹಳ ದೊಡ್ಡ ಪಾತ್ರ ವಹಿಸುತ್ತೆ ಅಂತ ತೋರಿಸಿದ್ರು. ಆಮೇಲೆ ಅವರು, ಪತ್ನಿ ಪ್ಯಾಟ್ ಕಾಲ್ಡ್‌ವೆಲ್, ಬೆಂಗಳೂರಿನ ಪಿ.ಎಚ್. ರೆಡ್ಡಿ ಮೂವರೂ ಸೇರಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಕೆಲಸ ಮಾಡಿದ್ರು. ಅವರ ವಾದ ಏನಂದ್ರೆ, ಶಾಲೆಗೆ ಹೋದ ಸೊಸೆಗೆ ಮನೆಯೊಳಗೆ ಮಾತಾಡೋ ಧೈರ್ಯ ಬರುತ್ತೆ. ಮಗುವಿಗೆ ಜ್ವರ ಬಂದಾಗ ಅತ್ತೆಯ ಅಪ್ಪಣೆಗೆ ಕಾಯದೆ ಆಸ್ಪತ್ರೆಗೆ ಹೊರಡ್ತಾಳೆ. ಪಾಠದಲ್ಲಿ ಏನು ಕಲಿತಳು ಅನ್ನೋದಕ್ಕಿಂತ, ಶಾಲೆ ಅವಳಿಗೆ ಮನೇಲಿ ಕೊಟ್ಟ ಸ್ಥಾನ ಮುಖ್ಯ. ನನಗೆ ಇಷ್ಟವಾದ ವಿವರಣೆ ಇದು. ಆಯಸ್ಸು ಪುಸ್ತಕದಿಂದ ಬರಲ್ಲ, ಆ ಪುಸ್ತಕ ತೆರೆದುಕೊಡೋ ಬಾಗಿಲುಗಳಿಂದ ಬರುತ್ತೆ.

ಸರಿ, ದೊಡ್ಡವರ ಲೆಕ್ಕಕ್ಕೆ ವಾಪಸ್ ಬರೋಣ. ಸಾವಿನ ದರ ಅಂದ್ರೆ ಒಂದು ಭಾಗಾಕಾರ. ಮೇಲೆ ಸತ್ತವರು, ಕೆಳಗೆ ಆ ಗುಂಪಿನಲ್ಲಿ ಇದ್ದವರು. ಅಮೆರಿಕದಲ್ಲಿ ಮೇಲಿನ ಅಂಕಿ ಮರಣ ಪ್ರಮಾಣಪತ್ರದಿಂದ ಬರುತ್ತೆ. 1989ರಿಂದ ಅದರಲ್ಲಿ 'ಎಷ್ಟು ಓದಿದ್ದರು' ಅನ್ನೋ ಕಾಲಂ ಇದೆ. ಕೆಳಗಿನ ಅಂಕಿ ಜನಗಣತಿ ಇಲಾಖೆಯ ಸಮೀಕ್ಷೆಗಳಿಂದ ಬರುತ್ತೆ. ಸಮೀಕ್ಷೆಯಲ್ಲಿ ಉತ್ತರ ಕೊಡೋದು ಬದುಕಿರೋ ಮನುಷ್ಯ, ಇಲ್ಲಾ ಅವರ ಜೊತೆಗಿರೋರು. ಮರಣಪತ್ರದಲ್ಲಿ ಉತ್ತರ ಕೊಡೋದು ದುಃಖದಲ್ಲಿರೋ ಮಗನೋ, ಮಗಳೋ, ಹೆಂಡತಿಯೋ. ತೊಂದರೆ ಇರೋದೇ ಇಲ್ಲಿ.

ಅಪ್ಪ ತೀರಿಹೋಗಿದ್ದಾರೆ ಅಂದ್ಕೊಳ್ಳಿ. ಯಾರೋ ಬಂದು "ಎಷ್ಟು ಓದಿದ್ರು?" ಅಂತ ಕೇಳ್ತಾರೆ. ಅಪ್ಪ ಹೈಸ್ಕೂಲಿಗೆ ಹೋಗ್ತಿದ್ದ ಕಥೆ ಕೇಳಿದ್ದೀರಿ, ಪಾಸಾದ್ರೋ ಇಲ್ವೋ ಗೊತ್ತಿಲ್ಲ. ನೀವು "ಹೈಸ್ಕೂಲ್ ಮುಗಿಸಿದ್ರು" ಅಂತಲೇ ಹೇಳ್ತೀರಿ. ಸತ್ತವರ ಬಗ್ಗೆ ಒಂದು ಮೆಟ್ಟಿಲು ಮೇಲೆ ಹೇಳೋದು ಮನುಷ್ಯ ಸಹಜ. ಅಮೆರಿಕದಲ್ಲಿ ಮರಣಪತ್ರಗಳನ್ನ ಅದೇ ವ್ಯಕ್ತಿಗಳು ಬದುಕಿದ್ದಾಗ ಕೊಟ್ಟ ಉತ್ತರದ ಜೊತೆ ಹೋಲಿಸಿದಾಗ ಆಗಿದ್ದೂ ಇದೇ: ಪತ್ರಗಳು ಓದನ್ನ ಹೆಚ್ಚಿಸಿ ಹೇಳ್ತಿದ್ವು.

ಇದೇನು ಸಣ್ಣ ವಿಷಯ ಅನ್ನಿಸಬಹುದು. ಒಂದು ಕಾಲ್ಪನಿಕ ಊರು ತಗೊಳ್ಳಿ. ಎಸ್‌ಎಸ್‌ಎಲ್‌ಸಿ ಪಾಸಾದವರು ಸಾವಿರ ಜನ, ಆಗದವರು ಸಾವಿರ ಜನ. ಒಂದು ವರ್ಷದಲ್ಲಿ ಪಾಸಾದವರಲ್ಲಿ 10 ಸಾವು, ಆಗದವರಲ್ಲಿ 20. ಅಪಾಯ ಎರಡು ಪಟ್ಟು. ಈಗ ಆ 20ರಲ್ಲಿ ನಾಲ್ಕೇ ನಾಲ್ಕು ಮನೆಯವರು "ಪಾಸಾಗಿದ್ರು" ಅಂತ ಬರೆಸ್ತಾರೆ. ಲೆಕ್ಕದಲ್ಲಿ ಪಾಸಾದವರ ಸಾವು 14 ಆಯ್ತು, ಆಗದವರದ್ದು 16. ಎರಡು ಪಟ್ಟಿನ ಅಂತರ ಹೆಚ್ಚುಕಡಿಮೆ ಮಾಯ! ನಾಲ್ಕು ಮನೆಯ ಒಳ್ಳೆಯ ಮನಸ್ಸು ಇಡೀ ಊರಿನ ಅಸಮಾನತೆಯನ್ನ ಮುಚ್ಚಿಹಾಕಿತು. ಹೈಸ್ಕೂಲ್ ಗೆರೆಯಲ್ಲಿ ಇದು ಹೆಚ್ಚು ಆಗುತ್ತೆ. ಡಿಗ್ರಿ ಗೆರೆಯಲ್ಲಿ ಕಮ್ಮಿ, ಯಾಕಂದ್ರೆ ಅಪ್ಪ ಕಾಲೇಜು ಮುಗಿಸಿದ್ರಾ ಇಲ್ವಾ ಅನ್ನೋದು ಮನೆಯವರಿಗೆ ಸಾಮಾನ್ಯವಾಗಿ ಗೊತ್ತಿರುತ್ತೆ. ಕೇಸ್-ಡೀಟನ್ ಡಿಗ್ರಿಯನ್ನೇ ಗೆರೆಯಾಗಿ ಹಿಡಿದಿದ್ದು ಆ ಮಟ್ಟಿಗೆ ಒಳ್ಳೇದಾಯ್ತು.

ಈ ತಲೆನೋವು ತಪ್ಪಿಸೋಕೆ ಇನ್ನೊಂದು ದಾರಿ ಇದೆ: ಒಬ್ಬೊಬ್ಬರನ್ನೂ ಹುಡುಕಿ ಜೋಡಿಸೋದು. ಷಿಕಾಗೋ ವಿಶ್ವವಿದ್ಯಾಲಯದ ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್ ಇದನ್ನ ಮಾಡಿದ್ರು. 1960ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಆದ ಸಾವುಗಳಲ್ಲಿ ಸುಮಾರು 3 ಲಕ್ಷ 40 ಸಾವಿರ ಮರಣಪತ್ರ ತಗೊಂಡು, ಅದೇ ವರ್ಷದ ಏಪ್ರಿಲ್‌ನಲ್ಲಿ ನಡೆದ ಜನಗಣತಿಯಲ್ಲಿ ಆ ವ್ಯಕ್ತಿಯ ದಾಖಲೆ ಯಾವುದು ಅಂತ ಹುಡುಕಿಸಿದ್ರು. ಎಕ್ಸೆಲ್ ಇಲ್ಲದ ಕಾಲ! ಪುಸ್ತಕ ಹೊರಬಂದಿದ್ದು 1973ರಲ್ಲಿ. ಕಮ್ಮಿ ಓದಿದವರು ಬೇಗ ಸಾಯ್ತಾರೆ ಅನ್ನೋದಕ್ಕೆ ಅಮೆರಿಕದ ಮಟ್ಟದಲ್ಲಿ ಸಿಕ್ಕ ಮೊದಲ ಗಟ್ಟಿ ಆಧಾರ ಅದು. ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಇಷ್ಟು ಒದ್ದಾಟ ಬೇಡ. ಹುಟ್ಟಿದಾಗ ಸಿಕ್ಕ ನಂಬರ್ ಶಾಲೆಯ ದಾಖಲೆಗೂ ಸಾವಿನ ದಾಖಲೆಗೂ ಒಂದೇ.

ಡೇಟಾ ಎಲ್ಲ ಸರಿ ಇದ್ರೂ ಇನ್ನೊಂದು ಬಲೆ ಇದೆ. ನನ್ನ ಪ್ರಕಾರ ಇದೇ ಅಸಲಿ ಬಲೆ. ಶಾಲೆಯಲ್ಲಿ ಎ ಸೆಕ್ಷನ್, ಬಿ ಸೆಕ್ಷನ್ ನೆನಪಿದೆಯಲ್ಲ? ಬಿ ಸೆಕ್ಷನ್‌ನಲ್ಲಿ ನಾಲ್ಕು ಮಂದಿ: 10, 20, 30, 40 ಮಾರ್ಕ್ಸ್. ಸರಾಸರಿ 25. ಎ ಸೆಕ್ಷನ್‌ನಲ್ಲಿ ಮೂವರು: 50, 60, 70. ಸರಾಸರಿ 60. ಈಗ ಬಿ ಸೆಕ್ಷನ್‌ನ 40 ಮಾರ್ಕ್ಸ್ ಹುಡುಗನನ್ನ ಎ ಸೆಕ್ಷನ್‌ಗೆ ಕಳಿಸಿ. ಬಿ ಸರಾಸರಿ 20ಕ್ಕೆ ಇಳೀತು. ಎ ಸರಾಸರಿಯೂ 55ಕ್ಕೆ ಇಳೀತು. ಒಬ್ಬರ ಮಾರ್ಕ್ಸೂ ಬದಲಾಗಿಲ್ಲ, ಆದ್ರೂ ಎರಡೂ ಸೆಕ್ಷನ್ ಹಾಳಾದ ಹಾಗೆ ಕಾಣುತ್ತೆ.

1990ರಲ್ಲಿ ಅಮೆರಿಕದ 25 ದಾಟಿದವರಲ್ಲಿ ಡಿಗ್ರಿ ಇದ್ದವರು ಶೇ 20ರಷ್ಟು. 2021ಕ್ಕೆ ಶೇ 38ರ ಹತ್ತಿರ. ಅಂದ್ರೆ ಮೂರು ದಶಕದಲ್ಲಿ ಲಕ್ಷಾಂತರ '40 ಮಾರ್ಕ್ಸ್' ಹುಡುಗ-ಹುಡುಗಿಯರು ಗೆರೆ ದಾಟಿ ಆಚೆ ಹೋದ್ರು. ಈಚೆ ಉಳಿದ ಗುಂಪು ಮೊದಲಿನ ಗುಂಪೇ ಅಲ್ಲ. ಹೈಸ್ಕೂಲೂ ಮುಗಿಸದವರ ವಿಷಯದಲ್ಲಂತೂ ಇದು ವಿಪರೀತ. ಒಂದು ಕಾಲಕ್ಕೆ ಅದು ಅರ್ಧ ದೇಶ, ಈಗ ಒಂದು ಸಣ್ಣ ಮೂಲೆ. ಆ ಮೂಲೆಯಲ್ಲಿ ಚಿಕ್ಕಂದಿನಿಂದ ಕಾಯಿಲೆ ಇದ್ದವರು, ಮನೆಯಲ್ಲಿ ಏನೂ ಇಲ್ಲದವರು ಹೆಚ್ಚು. ಅಂಥ ಗುಂಪಿನ ಆಯಸ್ಸು ಕುಸೀತು ಅಂದ್ರೆ ಮನುಷ್ಯರ ಬದುಕು ಕುಸೀತಾ, ಇಲ್ಲಾ ಗುಂಪಿನ ಬೇಲಿ ಜರುಗಿತಾ?

ಪಾಲ್ ನೊವೊಸಾಡ್, ಚಾರ್ಲಿ ರಾಫ್ಕಿನ್, ಸ್ಯಾಮ್ ಆಶರ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2022ರಲ್ಲಿ ಇದಕ್ಕೊಂದು ಉಪಾಯ ತಂದ್ರು. ಡಿಗ್ರಿ ಇದೆಯಾ ಇಲ್ವಾ ಅನ್ನೋದನ್ನ ಬಿಡಿ. ಎಲ್ಲರನ್ನೂ ಓದಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಪ್ರತಿ ವರ್ಷವೂ ಕೊನೆಯ ಶೇ 10 ಜನರನ್ನ ಮಾತ್ರ ನೋಡಿ. ಆಗ ಗುಂಪಿನ ಗಾತ್ರ ಯಾವತ್ತೂ ಅಷ್ಟೇ ಇರುತ್ತೆ. ಸಿಕ್ಕಿದ್ದೇನು? 1992ರಿಂದ 2018ರ ನಡುವೆ ನಡುವಯಸ್ಸಿನ ಬಿಳಿಯರಲ್ಲಿ ಹೆಚ್ಚಾದ ಸಾವು ಹೆಚ್ಚುಕಡಿಮೆ ಪೂರ್ತಿಯಾಗಿ ಆ ಕೊನೆಯ ಶೇ 10ರಲ್ಲೇ ಇತ್ತು.

ಎರಡು ಲೆಕ್ಕಗಳ ನಡುವಿನ ಜಗಳ ಬರೀ ಪಂಡಿತರ ಜಗಳ ಅಲ್ಲ. ಡಿಗ್ರಿ ಇಲ್ಲದ ಅಷ್ಟೂ ಜನ, ಅಂದ್ರೆ ದೇಶದ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಬೀಳ್ತಿದ್ದಾರೆ ಅಂದ್ರೆ ಕೆಲಸ, ಸಂಬಳ, ಆರೋಗ್ಯ ವಿಮೆ ಎಲ್ಲದರಲ್ಲೂ ಡಿಗ್ರಿ ಅನ್ನೋ ಗೋಡೆ ಕಟ್ಟಿರೋ ವ್ಯವಸ್ಥೆಯನ್ನೇ ಪ್ರಶ್ನೆ ಮಾಡಬೇಕು. ಕೊನೆಯ ಶೇ 10 ಅಂದ್ರೆ ಬೇರೆ ಥರದ ಸಹಾಯ, ಬೇರೆ ವಿಳಾಸಕ್ಕೆ ಹೋಗಬೇಕು. ಪಿಂಚಣಿಯನ್ನೇ ತಗೊಳ್ಳಿ. ಅಮೆರಿಕದಲ್ಲಿ ಪೂರ್ತಿ ಪಿಂಚಣಿ ಸಿಗೋ ವಯಸ್ಸು ಮೊದಲು 65 ಇತ್ತು. 1960 ಮತ್ತು ಆಮೇಲೆ ಹುಟ್ಟಿದವರಿಗೆ ಅದು 67. "ಜನ ಜಾಸ್ತಿ ಬದುಕ್ತಿದ್ದಾರಲ್ಲ, ವಯಸ್ಸು ಏರಿಸೋಣ" ಅನ್ನೋದು ವಾದ. ಯಾವ ಜನ? 20ನೇ ವಯಸ್ಸಿಗೇ ಕೆಲಸಕ್ಕೆ ಸೇರಿ ಜೀವನಪೂರ್ತಿ ದುಡ್ಡು ಕಟ್ಟಿದ ಮೆಕ್ಯಾನಿಕ್ ಕೆಲವೇ ವರ್ಷ ಪಿಂಚಣಿ ತಗೊಂಡು ಹೋಗ್ತಾನೆ, 25ಕ್ಕೆ ಸೇರಿದ ಮ್ಯಾನೇಜರ್ ದಶಕಗಟ್ಟಲೆ ತಗೊಳ್ತಾನೆ. ಸರಾಸರಿ ಅನ್ನೋ ಪದದ ಹಿಂದೆ ಆ ಮೆಕ್ಯಾನಿಕ್ ಕಾಣೋದೇ ಇಲ್ಲ.

ಹಾಗಾದ್ರೆ ಓದು ಆಯಸ್ಸು ಹೆಚ್ಚಿಸುತ್ತಾ ಇಲ್ವಾ? ಕಾನೂನು ತಂದು ಶಾಲೆಯಲ್ಲಿ ಕೂರಿಸಿದಾಗ ಏನಾಯ್ತು ಅಂತ ನೋಡಿದವರಿದ್ದಾರೆ. ಆಡ್ರಿಯಾನಾ ಯೆರಾಸ್-ಮೂನಿ ಅಮೆರಿಕದಲ್ಲಿ 1915ರಿಂದ 1939ರವರೆಗಿನ ಕಡ್ಡಾಯ ಶಿಕ್ಷಣ ಕಾನೂನುಗಳನ್ನ ನೋಡಿ, ಹೌದು, ಓದು ಸಾವನ್ನ ಸಾಕಷ್ಟು ತಗ್ಗಿಸುತ್ತೆ ಅಂದ್ರು. ಬ್ರಿಟನ್‌ನಲ್ಲಿ ಶಾಲೆ ಬಿಡೋ ವಯಸ್ಸನ್ನ 1947ರಲ್ಲಿ 14ರಿಂದ 15ಕ್ಕೆ, 1972ರಲ್ಲಿ 16ಕ್ಕೆ ಏರಿಸಿದ್ರು. ಡೇಮನ್ ಕ್ಲಾರ್ಕ್, ಹೆದರ್ ರಾಯರ್ ಅದನ್ನ ನೋಡಿದಾಗ ಸಾವಿನ ದರ ಹೆಚ್ಚೇನೂ ಅಲ್ಲಾಡಿರಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ, ನೂರಾರು ಅಧ್ಯಯನಗಳನ್ನ ಒಟ್ಟುಗೂಡಿಸಿದ ಲೆಕ್ಕ ಹೇಳೋದು: ಒಂದೊಂದು ವರ್ಷದ ಓದಿನ ಜೊತೆ ಸಾವಿನ ಅಪಾಯ ಸುಮಾರು ಶೇ 2ರಷ್ಟು ಕಮ್ಮಿ. 'ಜೊತೆ' ಅನ್ನೋ ಪದ ಗಮನಿಸಿ. 'ಇಂದ' ಅಂತ ನಾನು ಹೇಳಲಿಲ್ಲ. ಒಂದು ವರ್ಷ ಜಾಸ್ತಿ ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಆಯಸ್ಸು ಬರಲ್ಲ. ಆ ವರ್ಷಕ್ಕೆ ನಿಮ್ಮ ಸುತ್ತಲಿನ ಸಮಾಜ ಏನು ಬೆಲೆ ಕೊಡುತ್ತೆ ಅನ್ನೋದರ ಮೇಲಿದೆ.

ಈಗ ನಿಮ್ಮ ಮನಸ್ಸಲ್ಲಿರೋ ಪ್ರಶ್ನೆ. ನಮ್ಮ ದೇಶದ್ದು ಎಷ್ಟು? ಸರ್ಕಾರದ ಎಸ್‌ಆರ್‌ಎಸ್, ಅಂದ್ರೆ ಮಾದರಿ ನೋಂದಣಿ ವ್ಯವಸ್ಥೆ, 2016–20ರ ಅವಧಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು 70 ವರ್ಷ ಅಂತ ಕೊಟ್ಟಿದೆ. ಗಂಡು-ಹೆಣ್ಣು, ಹಳ್ಳಿ-ಪಟ್ಟಣ, ರಾಜ್ಯವಾರು ಲೆಕ್ಕ ಎಲ್ಲ ಅದರಲ್ಲಿ ಸಿಗುತ್ತೆ. ಓದಿನ ಪ್ರಕಾರ ಆಯಸ್ಸಿನ ಕೋಷ್ಟಕ ಇಲ್ಲ. ತಮಾಷೆ ಅಂದ್ರೆ, ಎಷ್ಟು ಓದಿದ ಹೆಣ್ಣಿಗೆ ಎಷ್ಟು ಮಕ್ಕಳು ಅನ್ನೋದನ್ನ ಅದೇ ಎಸ್‌ಆರ್‌ಎಸ್ ಕೊಡುತ್ತೆ! ನೋಂದಣಿ ಫಾರಂಗಳದ್ದೂ ಇದೇ ಕಥೆ. ಮಗು ಹುಟ್ಟಿದಾಗ ತುಂಬೋ ಫಾರಂನಲ್ಲಿ ಅಪ್ಪ-ಅಮ್ಮ ಎಷ್ಟು ಓದಿದ್ದಾರೆ ಅಂತ ಕೇಳ್ತಾರೆ. ಸತ್ತಾಗ ತುಂಬೋ, ವರ್ಷಗಟ್ಟಲೆ ಬಳಕೆಯಲ್ಲಿದ್ದ ಫಾರಂನಲ್ಲಿ ಧರ್ಮ ಇತ್ತು, ಉದ್ಯೋಗ ಇತ್ತು, ಬೀಡಿ-ಸಿಗರೇಟು, ತಂಬಾಕು, ಕೊನೆಗೆ ಅಡಿಕೆ ಜಗಿಯೋ ಅಭ್ಯಾಸ ಎಷ್ಟು ವರ್ಷದಿಂದ ಅನ್ನೋದೂ ಇತ್ತು. ಎಷ್ಟು ಓದಿದ್ದರು ಅನ್ನೋದು ಇರಲಿಲ್ಲ. ಎಷ್ಟು ಹೆರ್ತೀರಿ ಅನ್ನೋ ಕುತೂಹಲ ಇತ್ತು, ಯಾರು ಬೇಗ ಸಾಯ್ತೀರಿ ಅನ್ನೋ ಕುತೂಹಲ ಇರಲಿಲ್ಲ ಅಂತ ನಾನು ಓದಿಕೊಳ್ತೀನಿ.

ಆಧಾರ್ ಇದೆಯಲ್ಲ, ಜೋಡಿಸಿದ್ರಾಯ್ತು ಅಂತ ಕೆಲವರು ಅನ್ನಬಹುದು. ಆಧಾರ್‌ನಲ್ಲಿ ನಿಮ್ಮ ಓದಿನ ವಿವರ ಇಲ್ಲ. ಭಾಗಾಕಾರದ ಕೆಳಗಿನ ಅಂಕಿಯೂ ಹಳೇದು: ಕೊನೆಯ ಪೂರ್ಣ ಜನಗಣತಿ 2011ರದ್ದು, 2021ರಲ್ಲಿ ಆಗಬೇಕಿದ್ದದ್ದು 2027ಕ್ಕೆ ಹೋಗಿದೆ.

ಹಾಗಂತ ಯಾರೂ ಕೈಕಟ್ಟಿ ಕೂತಿಲ್ಲ. ಸಂಗೀತಾ ವ್ಯಾಸ್ ಮತ್ತು ಸಂಗಡಿಗರು ಒಂಬತ್ತು ರಾಜ್ಯಗಳ ದೊಡ್ಡ ಸಮೀಕ್ಷೆಯೊಂದರ ಡೇಟಾ ಇಟ್ಕೊಂಡು 2022ರಲ್ಲಿ ಜಾತಿವಾರು ಲೆಕ್ಕ ಮಾಡಿದ್ರು. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ನಿರೀಕ್ಷಿತ ಆಯಸ್ಸು ನಾಲ್ಕು ವರ್ಷಕ್ಕಿಂತ ಹೆಚ್ಚು ಕಮ್ಮಿ, ದಲಿತರದ್ದು ಮೂರು ವರ್ಷಕ್ಕಿಂತ ಹೆಚ್ಚು ಕಮ್ಮಿ. ಕರ್ನಾಟಕ ಆ ಒಂಬತ್ತರಲ್ಲಿ ಇರಲಿಲ್ಲ. ಓದಿನ ವಿಷಯಕ್ಕೆ ಬಂದ್ರೆ, ಸಂಶೋಧಕರು ಒಂದು ಹಳೇ ಉಪಾಯ ಬಳಸಿದ್ದಾರೆ. ಬ್ರಿಟಿಷ್ ಜನಸಂಖ್ಯಾ ತಜ್ಞ ವಿಲಿಯಂ ಬ್ರಾಸ್ ರೂಪಿಸಿದ್ದು. ಸಾವಿನ ದಾಖಲೆ ಇಲ್ಲದ ಕಡೆ ಮನೆಮನೆಗೆ ಹೋಗಿ ಬದುಕಿರೋರನ್ನ ಎರಡೇ ಪ್ರಶ್ನೆ ಕೇಳೋದು: ನಿಮ್ಮ ತಾಯಿ ಇದ್ದಾರಾ? ತಂದೆ ಇದ್ದಾರಾ? 30 ವರ್ಷದವರಲ್ಲಿ ಎಷ್ಟು ಮಂದಿಗೆ ತಾಯಿ ಇಲ್ಲ, 40ರವರಲ್ಲಿ ಎಷ್ಟು ಮಂದಿಗೆ ಇಲ್ಲ ಅನ್ನೋದರಿಂದ ಹಿಂದಿನ ತಲೆಮಾರಿನ ಸಾವಿನ ದರವನ್ನ ಹಿಂದಕ್ಕೆ ಲೆಕ್ಕ ಹಾಕ್ತಾರೆ. ಭಾರತದ ಸಮೀಕ್ಷೆಗಳ ಮೇಲೆ ಇದನ್ನ ಪ್ರಯೋಗಿಸಿದಾಗಲೂ ಹೆಚ್ಚು ಓದಿದವರ ಕಡೆಯೇ ತಕ್ಕಡಿ ವಾಲಿದೆ.

ಈ ಉಪಾಯಕ್ಕೂ ಕಣ್ಣಿಗೆ ಕಾಣದ ಒಂದು ಜಾಗ ಇದೆ. ಆರು ಮಕ್ಕಳ ತಾಯಿಯ ಬಗ್ಗೆ ಆರು ಜನ ಉತ್ತರ ಕೊಡ್ತಾರೆ, ಒಂದೇ ಮಗುವಿನ ತಾಯಿಯ ಬಗ್ಗೆ ಒಬ್ಬರೇ. ಹತ್ತನೇ ಕ್ಲಾಸ್ ಬಿಟ್ಟು ಊರಿಂದ ಬಂದು, ಬೆಂಗಳೂರಿನ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡ್ತಾ, ಮದುವೆಗೆ ಮುಂಚೆಯೇ 24ಕ್ಕೆ ಸತ್ತ ಹುಡುಗ ಇದ್ದಾನಲ್ಲ, ಅವನ ಬಗ್ಗೆ "ನಿಮ್ಮ ತಂದೆ ಇದ್ದಾರಾ?" ಅಂತ ಕೇಳೋಕೆ ಯಾರೂ ಇಲ್ಲ. 25ರಿಂದ ಶುರುವಾಗೋ ಲೈಫ್ ಟೇಬಲ್‌ಗೂ ಅವನು ಬರಲ್ಲ.

ಮುಂದಿನ ವಾರ ಸಿಗೋಣ.